ಥ್ಯಾಕರೆ ಎಂದರೆ ಜೊಂಡಿನ ಮೂಲೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಕಿತ್ತೂರಿನ ಕಾಳಗದಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆ ಎಂದು ಪಾಠದಲ್ಲಿ ಓದಿದ್ದೇವೆ. ಅದು ಅವನ ಹೆಸರೋ, ಅಡ್ಡಹೆಸರೋ? ಅದಕ್ಕೆ ಏನಾದರೂ ಅರ್ಥ ಇದೆಯೇ?
— ವಿದ್ಯಾರ್ಥಿನಿ, ಬೈಲಹೊಂಗಲ

ಉತ್ತರ: ಅಡ್ಡಹೆಸರು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಸತ್ತ ಧಾರವಾಡದ ಕಲೆಕ್ಟರನ ಸ್ವಂತ ಹೆಸರು ಸೇಂಟ್ ಜಾನ್. ಥ್ಯಾಕರೆ ಎನ್ನುವುದು ಮನೆತನದ್ದು. ಅರ್ಥ ಖಂಡಿತ ಇದೆ, ಆದರೆ ಇಂಗ್ಲಿಷ್ ನಿಘಂಟು ತೆರೆದರೆ ಸಿಗುವುದಿಲ್ಲ. ಏಕೆಂದರೆ ಹುಟ್ಟಿನಿಂದ ಅದು ಇಂಗ್ಲಿಷ್ ಮಾತೇ ಅಲ್ಲ. ಡೆನ್ಮಾರ್ಕ್, ನಾರ್ವೆ ಕಡೆಯಿಂದ ದೋಣಿಗಳಲ್ಲಿ ಬಂದ ವೈಕಿಂಗರು 866ರಲ್ಲಿ ಯಾರ್ಕ್ ಪಟ್ಟಣವನ್ನು ಹಿಡಿದರು. ಹತ್ತು ವರ್ಷ ಬಿಟ್ಟು, 876ರಲ್ಲಿ, ಸುತ್ತಲಿನ ನೆಲವನ್ನು ಹಂಚಿಕೊಂಡು ಉಳುಮೆಗೆ ಕೂತರು. ಅವರ ಭಾಷೆ ಹಳೆಯ ನಾರ್ಸ್. ಯಾರ್ಕ್‌ಷೈರಿನ ಹೊಲ, ಹಳ್ಳ, ಗುಡ್ಡಗಳ ಹೆಸರಿನಲ್ಲಿ ಆ ಭಾಷೆ ಇವತ್ತಿಗೂ ಕೂತಿದೆ.

ಆ ಭಾಷೆಯಲ್ಲಿ 'ಥಕ್' ಎಂದರೆ ಸೂರಿಗೆ ಹೊದಿಸುವ ಹುಲ್ಲು, ಜೊಂಡು. 'ವ್ರಾ' ಎಂದರೆ ಮೂಲೆ, ಒತ್ತಿನ ಜಾಗ. ಎರಡೂ ಸೇರಿ 'ಥಕ್‌ವ್ರಾ', ಅಂದರೆ ಹೊದಿಕೆಯ ಜೊಂಡು ಬೆಳೆಯುವ ಮೂಲೆ. ಉತ್ತರ ಕರ್ನಾಟಕದ ಮೂಲಿಮನಿ ಎಂಬ ಅಡ್ಡಹೆಸರು ಗೊತ್ತಿದ್ದವರಿಗೆ ಈ ಜಾಡು ಹೊಸದಲ್ಲ. ಕಾಲಕ್ರಮದಲ್ಲಿ 'ವ್ರಾ'ದ ವಕಾರ ಬಾಯಲ್ಲಿ ಕರಗಿ 'ರೇ' ಉಳಿಯಿತು. ಅದೇ 'ವ್ರಾ' ಒಂಟಿಯಾಗಿ ನಿಂತು ರೇ, ರೋ ಎಂಬ ಬೇರೆ ಅಡ್ಡಹೆಸರುಗಳೂ ಆಗಿವೆ. ಬರೆಯುವಾಗ ಅವಕ್ಕೆ ಮೊದಲಲ್ಲಿ ಡಬ್ಲ್ಯೂ ಅಕ್ಷರ ಇರುತ್ತದೆ, ಉಚ್ಚರಿಸುವುದಿಲ್ಲ.

ಈ ಹೆಸರಿನ ಜಾಗವನ್ನೂ ತೋರಿಸಬಹುದು, ನೋಡಲು ಮಾತ್ರ ಆಗದು. ಯಾರ್ಕ್‌ಷೈರಿನ ವಾಷ್‌ಬರ್ನ್ ಕಣಿವೆಯಲ್ಲಿ, ಫ್ಯೂಸ್ಟನ್ ಹಳ್ಳಿಯ ಹತ್ತಿರ, ಥ್ಯಾಕ್‌ರೇ ಎಂಬ ಪುಟ್ಟ ನೆಲೆ ಇತ್ತು. ಲೀಡ್ಸ್ ನಗರಕ್ಕೆ ಕುಡಿಯುವ ನೀರು ಬೇಕಾಗಿ 1870ರ ದಶಕದಲ್ಲಿ ಆ ಕಣಿವೆಗೆ ಒಡ್ಡು ಕಟ್ಟಿದಾಗ ಅದು ಫ್ಯೂಸ್ಟನ್ ಜಲಾಶಯದ ಅಡಿಗೆ ಹೋಯಿತು. ಊರು ಮುಳುಗಿ ಅಡ್ಡಹೆಸರು ಉಳಿಯುವುದು ಹೇಗೆಂದು ಆಲಮಟ್ಟಿ ಹಿನ್ನೀರಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಊರ ಹೆಸರು ಮನುಷ್ಯನಿಗೆ ಅಂಟುವುದು ಅವನು ಊರು ಬಿಟ್ಟ ಮೇಲೆ. ಹುಬ್ಬಳ್ಳಿಯಲ್ಲೇ ಇರುವವನನ್ನು ಯಾರೂ ಹುಬ್ಬಳ್ಳಿಯವ ಎಂದು ಗುರುತಿಸುವುದಿಲ್ಲ, ಗದಗಿಗೆ ಹೋಗಿ ನೆಲೆಸಿದರೆ ಅವನು ಬಸಪ್ಪ ಹುಬ್ಬಳ್ಳಿ. ಇಂಗ್ಲೆಂಡಿನಲ್ಲೂ ಹಾಗೇ ಆಯಿತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ದೊಡ್ಡ ಜಮೀನುದಾರರಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಹೆಸರು ರೂಢಿಯಾಯಿತು. ಅದು ಸಾಮಾನ್ಯ ಜನಕ್ಕೆ ಮುಟ್ಟಲು ಮುನ್ನೂರು ವರ್ಷ ಹಿಡಿಯಿತು, ಉತ್ತರ ಭಾಗದಲ್ಲಿ ಇನ್ನೂ ತಡ. ಮೊದಮೊದಲು ಗುಮಾಸ್ತರು 'ಥಕ್‌ವ್ರಾದ ಜಾನ್' ಎಂಬ ಅರ್ಥದಲ್ಲಿ ನಡುವೆ 'ಡ' ಎಂಬ ಫ್ರೆಂಚ್ ಪ್ರತ್ಯಯ ಸೇರಿಸಿ ಬರೆಯುತ್ತಿದ್ದರು. ಆ ಪ್ರತ್ಯಯ ಬಿದ್ದುಹೋಯಿತೆಂದರೆ ಹೆಸರು ಗಟ್ಟಿಯಾಯಿತು ಎಂದು ಲೆಕ್ಕ.


ಪ್ರಶ್ನೆ: ಹಾಗಿದ್ದರೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಥ್ಯಾಚರ್ ಹೆಸರೂ ಇದೇ ಬೇರಿನದೇ?
— ಗದಗ

ಉತ್ತರ: ಬೇರು ಒಂದೇ, ಕೊಂಬೆ ಬೇರೆ. ಥ್ಯಾಚರ್ ಕಸುಬಿನ ಹೆಸರು, ಸೂರಿಗೆ ಹುಲ್ಲು ಹೊದಿಸುವವ ಎಂದರ್ಥ. ನಾರ್ಸ್ ಭಾಷೆಯಲ್ಲಿ ಕಕಾರ ಉಳಿದಲ್ಲಿ ಹಳೆಯ ಇಂಗ್ಲಿಷ್ ಚಕಾರಕ್ಕೆ ತಿರುಗಿತು. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ ಆದ ಹಾಗೆ. ಉತ್ತರದ ಕರ್ಕ್ ದಕ್ಷಿಣದಲ್ಲಿ ಚರ್ಚ್, ಉತ್ತರದ ಥ್ಯಾಕರ್ ದಕ್ಷಿಣದಲ್ಲಿ ಥ್ಯಾಚರ್. ಪೂರ್ವದ ನಾರ್ಫೋಕ್ ಕಡೆ ಇದೇ ಕಸುಬಿನವರು ಥ್ಯಾಕ್‌ಸ್ಟರ್. ಅಂದ ಹಾಗೆ, ಮಾರ್ಗರೆಟ್ ಥ್ಯಾಚರ್ ಅವರಿಗೆ ಅದು ಗಂಡನ ಮನೆಯಿಂದ ಬಂದದ್ದು. ತವರಿನದು ರಾಬರ್ಟ್ಸ್.


ಪ್ರಶ್ನೆ: ಮುಂಬೈಯ ಠಾಕ್ರೆ ಮನೆತನದವರೂ ಇಂಗ್ಲಿಷಿನಲ್ಲಿ ಅದೇ ಅಕ್ಷರಗಳಲ್ಲಿ ಬರೆಯುತ್ತಾರೆ. ಎರಡಕ್ಕೂ ಸಂಬಂಧ ಇದೆಯೇ?
— ಬೆಳಗಾವಿ

ಉತ್ತರ: ಕಾಗುಣಿತಕ್ಕೆ ಸಂಬಂಧ ಇದೆ, ಹೆಸರಿಗೆ ಇಲ್ಲ. ಠಾಕರೇ ಮರಾಠಿಯದೇ ಅಡ್ಡಹೆಸರು. 'ಪ್ರಬೋಧನಕಾರ' ಎಂದೇ ಹೆಸರಾದ ಕೇಶವ ಸೀತಾರಾಮ ಠಾಕರೆ (1885–1973) ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯನ್ನು ಮೆಚ್ಚಿ, ತಮ್ಮ ಹೆಸರಿನ ಇಂಗ್ಲಿಷ್ ಬರಹವನ್ನು ಅವನಂತೆ ಮಾಡಿಕೊಂಡರು ಎಂಬುದು ಬಹಳ ಕಡೆ ದಾಖಲಾಗಿರುವ ಮಾತು. ದೇವನಾಗರಿಯಲ್ಲಿ ಏನೂ ಬದಲಾಗಲಿಲ್ಲ. ಇಂಗ್ಲಿಷ್ ಲಿಪಿ ಅಳಿಸಿಹಾಕಿದ ಈ ವ್ಯತ್ಯಾಸವನ್ನು ಕನ್ನಡ ಲಿಪಿ ಸಲೀಸಾಗಿ ಉಳಿಸಿಕೊಂಡಿದೆ: ಒಬ್ಬರಿಗೆ ಠಕಾರ, ಇನ್ನೊಬ್ಬರಿಗೆ ಥಕಾರ. ಕಿತ್ತೂರಿನ ಕಥೆ ಬರೆಯುವಾಗ ದಯವಿಟ್ಟು ಕಲೆಕ್ಟರನನ್ನು ಠಾಕ್ರೆ ಮಾಡಬೇಡಿ.


ಪ್ರಶ್ನೆ: ಆ ಕಾದಂಬರಿಕಾರನಿಗೂ ನಮ್ಮ ಧಾರವಾಡದ ಕಲೆಕ್ಟರನಿಗೂ ಏನು ನಂಟು? ಸೇಂಟ್ ಜಾನ್, ಮೇಕ್‌ಪೀಸ್ ಎಂದೆಲ್ಲ ಹೆಸರಿಡುತ್ತಾರೆಯೇ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಕಲೆಕ್ಟರ್ ಅವನಿಗೆ ಚಿಕ್ಕಪ್ಪ. ವಂಶ ಹೀಗೆ ಇಳಿದಿದೆ: ಹಿಂದಿನವರು ಯಾರ್ಕ್‌ಷೈರಿನ ಹ್ಯಾಂಪ್ಸ್‌ತ್‌ವೇಟ್ ಎಂಬ ಹಳ್ಳಿಯ ರೈತರು. ಆ ಹಳ್ಳಿ ಮುಳುಗಿದ ಥ್ಯಾಕ್‌ರೇಗೆ ದೂರವೇನಲ್ಲ, ಎರಡೂ ಹಳೆಯ ನೇರ್ಸ್‌ಬರೊ ಕಾಡಿನ ಸೀಮೆಯವು. ಅವರಲ್ಲಿ ಓದಿ ಮೇಲೆ ಬಂದ ಟಾಮಸ್ ಥ್ಯಾಕರೆ (1693–1760) ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾದ. ಅವನ ಮಗ ವಿಲಿಯಂ ಮೇಕ್‌ಪೀಸ್ (1749–1813), ಕಾದಂಬರಿಕಾರನ ಅದೇ ಹೆಸರಿನ ಅಜ್ಜ, ಈಸ್ಟ್ ಇಂಡಿಯಾ ಕಂಪನಿ ಸೇರಿ ಬಂಗಾಳಕ್ಕೆ ಬಂದು, ಸಿಲ್ಹೆಟ್‌ನಲ್ಲಿ ಆನೆ ಹಿಡಿಸಿ ಮಾರಿ ದುಡ್ಡು ಮಾಡಿ ಹಿಂದಿರುಗಿದ. ಅವನ ಮಕ್ಕಳಲ್ಲಿ ಹಲವರು ಭಾರತಕ್ಕೇ ಬಂದರು. ರಿಚ್ಮಂಡ್ ಕಲ್ಕತ್ತೆಯಲ್ಲಿ ಕಂದಾಯದ ಕೆಲಸದಲ್ಲಿದ್ದು 1815ರಲ್ಲಿ ತೀರಿಕೊಂಡ. ಅವನ ತಮ್ಮ ಸೇಂಟ್ ಜಾನ್ ಮದರಾಸು ಸೇವೆಗೆ ಸೇರಿ ಧಾರವಾಡಕ್ಕೆ ಬಂದ. 1811ರ ಜುಲೈ 18ರಂದು ಕಲ್ಕತ್ತೆಯಲ್ಲಿ ಹುಟ್ಟಿದ ರಿಚ್ಮಂಡನ ಮಗನೇ ಕಾದಂಬರಿಕಾರ. ಚಿಕ್ಕಪ್ಪ ಕಿತ್ತೂರಿನಲ್ಲಿ (ಅಮಟೂರು ಬಾಳಪ್ಪನ ಗುಂಡೇಟಿಗೆ ಎನ್ನುವುದು ನಾಡಿನ ಮಾತು) ಬಿದ್ದಾಗ ಅವನು ಇಂಗ್ಲೆಂಡಿನಲ್ಲಿ ಓದುತ್ತಿದ್ದ ಹದಿಮೂರರ ಹುಡುಗ.

ಇನ್ನು ಆ ಹೆಸರುಗಳು. ಅವೂ ಅಡ್ಡಹೆಸರುಗಳೇ, ಮುಂದಕ್ಕೆ ಬಂದು ಕೂತಿವೆ ಅಷ್ಟೆ. ಕಲೆಕ್ಟರನ ತಾಯಿ ಅಮೀಲಿಯಾ ರಿಚ್ಮಂಡ್ ವೆಬ್. ಅಲ್ಲಿಂದ ಒಬ್ಬ ಮಗನಿಗೆ ರಿಚ್ಮಂಡ್, ಇನ್ನೊಬ್ಬನಿಗೆ ವೆಬ್ ಎಂದು ಹೆಸರು ಬಂತು. ತಾಯಿಯ ಕಡೆಯ ಮನೆತನದ ಹೆಸರನ್ನು ಮಗನ ಮುಂದಿನ ಹೆಸರಾಗಿಸುವುದು ಉಳ್ಳವರ ಮನೆಯ ರೂಢಿ. ವಂಶ ಹುಡುಕುವವರಿಗೆ ಇದು ದೊಡ್ಡ ಸುಳಿವು: ವಿಚಿತ್ರವಾದ ನಡುಹೆಸರು ಕಂಡರೆ ಮೊದಲು ತಾಯಿಯ, ಅಜ್ಜಿಯ ತವರನ್ನು ನೋಡಿ. ಮೇಕ್‌ಪೀಸ್ ಮಧ್ಯಯುಗದ ಅಡ್ಡಹೆಸರು, ರಾಜಿ ಮಾಡಿಸುವವ ಎಂಬ ಅರ್ಥದ್ದು. ಸೇಂಟ್ ಜಾನ್ ಎಂದು ನಾವು ಓದುವುದು ಅಕ್ಷರ ನೋಡಿ. ಮುಂದಿನ ಹೆಸರಾಗಿ ಬಂದಾಗ ಇಂಗ್ಲೆಂಡಿನಲ್ಲಿ ಅದನ್ನು 'ಸಿಂಜನ್' ಎನ್ನುತ್ತಾರೆ.


ಪ್ರಶ್ನೆ: ಒಂದೇ ಅಡ್ಡಹೆಸರಿನವರೆಲ್ಲ ಒಂದೇ ಮೂಲಪುರುಷನ ಮಕ್ಕಳೇ?
— ಮೈಸೂರು

ಉತ್ತರ: ಹೆಸರಿನ ಬಗೆ ನೋಡಿ ಹೇಳಬೇಕು. ಇಂಗ್ಲಿಷ್ ಅಡ್ಡಹೆಸರುಗಳು ಹೆಚ್ಚುಕಡಿಮೆ ನಾಲ್ಕು ದಾರಿಯಿಂದ ಬಂದಿವೆ: ಊರು, ಕಸುಬು, ತಂದೆಯ ಹೆಸರು, ಗುಣವೋ ರೂಪವೋ ನೋಡಿ ಜನ ಇಟ್ಟು ಕರೆದದ್ದು. ಸ್ಮಿತ್ ಎಂದರೆ ಕಮ್ಮಾರ, ಊರಿಗೊಬ್ಬ. ಹಾಗಾಗಿ ಸ್ಮಿತ್‌ಗಳು ಸಾವಿರ ಕಡೆ ಸಾವಿರ ಸಲ ಹುಟ್ಟಿದ್ದಾರೆ. ನಮ್ಮ ಬಡಿಗೇರರನ್ನೂ ಪತ್ತಾರರನ್ನೂ ಒಂದೇ ವಂಶವೆಂದು ಯಾರು ಹೇಳುತ್ತಾರೆ? ಆದರೆ ಥ್ಯಾಕರೆಯಂತಹ ಹೆಸರು, ಒಂದು ಸಣ್ಣ ಕಣಿವೆಯ ನಾಲ್ಕು ಮನೆಗಳಿಂದ ಹೊರಟದ್ದು, ಕೆಲವೇ ಕುಟುಂಬಗಳಿಂದ ಹರಡಿರುವ ಸಂಭವ ಹೆಚ್ಚು. ಸಂಭವ ಎಂದೆವು. ಕಾಗದ ಸಿಗುವ ತನಕ ಅದು ಸಂಭವವೇ.


ಪ್ರಶ್ನೆ: ನಮ್ಮ ಯಜಮಾನರು ಇಲ್ಲಿಯವರೇ, ಅಡ್ಡಹೆಸರು ಥ್ಯಾಕ್‌ರೇ (ನಡುವಿನ ಇ ಅಕ್ಷರ ಇಲ್ಲ). ಮಕ್ಕಳಿಗೆ ಅಮ್ಮನ ಕಡೆಯದು ಏಳು ತಲೆಮಾರು ಹೇಳಿಕೊಟ್ಟಿದ್ದೇನೆ, ಅಪ್ಪನ ಕಡೆಯದು ಅಜ್ಜನಿಗೇ ನಿಲ್ಲುತ್ತದೆ. ಎಲ್ಲಿಂದ ಶುರು ಮಾಡಲಿ?
— ಕನ್ನಡತಿ, ಲೀಡ್ಸ್

ಉತ್ತರ: ಈ ಹೆಸರಿನ ತವರುಸೀಮೆಯಲ್ಲೇ ಇದ್ದೀರಿ. ಮೊದಲಿಗೆ, ಆ ಇ ಅಕ್ಷರಕ್ಕೆ ತಲೆಕೆಡಿಸಿಕೊಳ್ಳಬೇಡಿ. ಥ್ಯಾಕರೆ, ಥ್ಯಾಕ್‌ರೇ, ಥ್ಯಾಕ್ರಾ ಎಲ್ಲವೂ ಒಂದೇ ಹೆಸರಿನ ಬರಹಗಳು. ಕಸುಬಿನಿಂದ ಬರುವ ರೋಗಗಳ ಬಗ್ಗೆ 1831ರಲ್ಲೇ ಬರೆದ ಲೀಡ್ಸ್‌ನ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ ಕೊನೆಯಲ್ಲಿ ಆಕಾರ ಇಟ್ಟುಕೊಂಡಿದ್ದ. ಪಾದ್ರಿ ಕಿವಿಗೆ ಬಿದ್ದಂತೆ ಬರೆಯುತ್ತಿದ್ದ, ಹೇಳಿದವನಿಗೆ ಓದಲು ಬರುತ್ತಿರಲಿಲ್ಲ. ಒಂದೇ ತಾಯಿಯ ಮೂರು ಮಕ್ಕಳ ಹೆಸರು ಮೂರು ಬಗೆಯಲ್ಲಿ ಇದ್ದರೂ ಆಶ್ಚರ್ಯವಿಲ್ಲ.

ಇವತ್ತಿನಿಂದ ಹಿಂದಕ್ಕೆ ನಡೆಯಿರಿ. ಎಲ್ಲೋ ಹಿಂದಿನ ಒಬ್ಬ ಪ್ರಸಿದ್ಧ ಥ್ಯಾಕರೆಯಿಂದ ಕೆಳಗಿಳಿಯುತ್ತ ಬಂದು ನಿಮ್ಮ ಮಾವನವರಿಗೆ ಗಂಟು ಹಾಕಲು ಹೋದವರೇ ಹೆಚ್ಚು ದಾರಿ ತಪ್ಪುವುದು. ಯಜಮಾನರ ಜನನ ಪ್ರಮಾಣಪತ್ರದಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ. ಅದನ್ನು ಹಿಡಿದು ಅವರ ತಂದೆತಾಯಿಯ ಮದುವೆಯ ದಾಖಲೆ, ಅದರಲ್ಲಿ ಇಬ್ಬರ ತಂದೆಯರ ಹೆಸರು ಮತ್ತು ಕಸುಬು, ಆ ತಂದೆಯ ಜನನ: ಹೀಗೆ ಜನನ, ಮದುವೆ, ಜನನ ಎಂದು ಒಂದೊಂದೇ ಮೆಟ್ಟಿಲು. (ಮದುವೆಯ ದಾಖಲೆಯಲ್ಲಿ ತಾಯಂದಿರ ಹೆಸರು ಸೇರಿದ್ದು 2021ರ ಮೇ ತಿಂಗಳಿಂದ ಮಾತ್ರ!) ಈ ಸರ್ಕಾರಿ ನೋಂದಣಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈ 1ರಂದು ಶುರುವಾಯಿತು. ಆದರೆ ಜನನ ನೋಂದಾಯಿಸದಿದ್ದರೆ ದಂಡ ಎಂಬ ಬಿಗಿ ಬಂದದ್ದು 1875ರಲ್ಲಿ. ಅದಕ್ಕೆ ಮುಂಚಿನ ಮಗು ಸಿಗದಿದ್ದರೆ ಹುಟ್ಟಲೇ ಇಲ್ಲ ಎಂದುಕೊಳ್ಳದೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಿ.

ಪ್ರಮಾಣಪತ್ರಗಳ ನಡುವಿನ ಕಂದಕಕ್ಕೆ ಸೇತುವೆ ಜನಗಣತಿ. ಹತ್ತು ವರ್ಷಕ್ಕೊಮ್ಮೆ ನಡೆದದ್ದು, ನೂರು ವರ್ಷ ಮುಚ್ಚಿಟ್ಟು ಬಿಡುಗಡೆ ಮಾಡುತ್ತಾರೆ. 1921ರದ್ದು 2022ರಲ್ಲಿ ಬಂತು. 1931ರದ್ದಕ್ಕೆ ಕಾಯಬೇಡಿ, 1942ರ ಬೆಂಕಿಯಲ್ಲಿ ಸುಟ್ಟುಹೋಗಿದೆ. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಎಲ್ಲಕ್ಕಿಂತ ಬೆಲೆಯುಳ್ಳದ್ದು 1851ರ ಗಣತಿ. ಮನೆಯ ಯಜಮಾನನಿಗೆ ಏನಾಗಬೇಕು, ವಯಸ್ಸೆಷ್ಟು, ಯಾವ ಊರಿನಲ್ಲಿ ಹುಟ್ಟಿದ್ದು ಎಲ್ಲ ಬರೆದಿದ್ದಾರೆ. 1841ರದ್ದರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಲು ಹೇಳಿದ್ದರಿಂದ 39ರವನು 35 ಆಗಿರುತ್ತಾನೆ. ಇದು ತಿಳಿಯದೆ ನಾಲ್ಕು ವರ್ಷ ತಪ್ಪಾದ ಜನನ ಹುಡುಕುತ್ತ ಕೂರುತ್ತಾರೆ.

1837ಕ್ಕಿಂತ ಹಿಂದೆ ಚರ್ಚಿನ ಪುಸ್ತಕಗಳೇ ಗತಿ. 1538ರಿಂದ ಪ್ರತಿ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಸೀಮೆ) ದೀಕ್ಷೆ, ಮದುವೆ, ಹೂಳಿದ್ದು ಬರೆದಿಡಬೇಕೆಂದು ಆಜ್ಞೆಯಾಯಿತು. 1598ರಿಂದ ಅದರ ಪ್ರತಿ ವರ್ಷಕ್ಕೊಮ್ಮೆ ಬಿಷಪ್ಪನಿಗೆ ಹೋಗುತ್ತಿತ್ತು. ಮೂಲ ಗೆದ್ದಲು ಹಿಡಿದಿದ್ದರೆ ಆ ಪ್ರತಿ ಕೇಳಿ. ಎರಡೂ ಇದ್ದರೆ ಎರಡನ್ನೂ ಓದಿ, ಒಂದರಲ್ಲಿ ಬಿಟ್ಟದ್ದು ಇನ್ನೊಂದರಲ್ಲಿ ಇರುತ್ತದೆ. ಇಲ್ಲಿ ಎಡವುವ ಜಾಗಗಳು ಮೂರು. ಒಂದು, ವರ್ಷದ ಲೆಕ್ಕ. 1752ಕ್ಕೆ ಮುಂಚೆ ಇಂಗ್ಲೆಂಡಿನ ಹೊಸ ವರ್ಷ ಮಾರ್ಚ್ 25ಕ್ಕೆ. ಮಗುವಿಗೆ 1700ರ ಡಿಸೆಂಬರ್ 10ರಂದು ದೀಕ್ಷೆ, 1700ರ ಫೆಬ್ರವರಿ 5ರಂದು ಹೂಳಿದ್ದು ಎಂದಿದ್ದರೆ ಬರೆದವನಿಗೆ ಹುಚ್ಚು ಹಿಡಿದಿರಲಿಲ್ಲ. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1701. ಎರಡು, ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿ. ನಿಮಗೆ ಸಿಕ್ಕ ವಿಲಿಯಂ ಬದುಕಿದವನೋ ಎಂದು ಹೂಳಿದವರ ಪಟ್ಟಿ ನೋಡದೆ ಮುಂದೆ ಹೋಗಬೇಡಿ. ಮೂರು, ಲ್ಯಾಟಿನ್. ಗುಲಿಯೆಲ್ಮಸ್ ಎಂದರೆ ವಿಲಿಯಂ, ಜಾಕೋಬಸ್ ಎಂದರೆ ಹೆಚ್ಚಾಗಿ ಜೇಮ್ಸ್, ಜೇಕಬ್ ಅಲ್ಲ.

ಕೊನೆಯದಾಗಿ ಜಿಲ್ಲೆಯ ಗೋಜಲು. ಫ್ಯೂಸ್ಟನ್, ಹ್ಯಾಂಪ್ಸ್‌ತ್‌ವೇಟ್ ಎರಡೂ ಹಿಂದೆ ಯಾರ್ಕ್‌ಷೈರಿನ ವೆಸ್ಟ್ ರೈಡಿಂಗ್ ಸೀಮೆಯವು. 1974ರಲ್ಲಿ ಗಡಿ ಬದಲಾಗಿ ನಾರ್ತ್ ಯಾರ್ಕ್‌ಷೈರಿಗೆ ಸೇರಿದವು. ಆದ್ದರಿಂದ ಲೀಡ್ಸ್ ಕಡೆಯ ದಾಖಲೆಗೃಹ, ನಾರ್ತಲರ್ಟನ್‌ನಲ್ಲಿರುವ ದಾಖಲೆಗೃಹ ಎರಡರ ಪಟ್ಟಿಯನ್ನೂ ನೋಡಿ. 1858ಕ್ಕೆ ಹಿಂದಿನ ಉಯಿಲುಗಳಿಗೆ ಯಾರ್ಕ್‌ನ ಬಾರ್ತ್‌ವಿಕ್ ಸಂಸ್ಥೆ. ಅಲ್ಲಿ ಸಿಗಲಿಲ್ಲವೆಂದು ಕೈಬಿಡಬೇಡಿ, ನೇರ್ಸ್‌ಬರೊ ಸೀಮೆಯ ನ್ಯಾಯಾಲಯಕ್ಕೆ ಉಯಿಲು ಮಾನ್ಯ ಮಾಡುವ ಪ್ರತ್ಯೇಕ ಹಕ್ಕಿತ್ತು. ಆ ಕಡೆಯ ಥ್ಯಾಕರೆಗಳನ್ನು ಅದರ ಕಾಗದಗಳಲ್ಲಿ ಹುಡುಕಬೇಕು. ಇನ್ನೂ ಹಿಂದಕ್ಕೆ ಹೋದರೆ 1379ರ ತಲೆಗಂದಾಯದ ಪಟ್ಟಿ ಇದೆ. ಕನಿಷ್ಠ ಕಂದಾಯ ನಾಲ್ಕು ಪೆನ್ನಿ, ಗಂಡಹೆಂಡತಿಗೆ ಸೇರಿ ಒಂದೇ ಲೆಕ್ಕ. ವೆಸ್ಟ್ ರೈಡಿಂಗಿನ ಪಟ್ಟಿಗಳು ಚೆನ್ನಾಗಿ ಉಳಿದಿವೆ. ಆದರೆ 1379ಕ್ಕೂ 1538ಕ್ಕೂ ನಡುವೆ ರೈತ ಕುಟುಂಬಕ್ಕೆ ತಂದೆಮಗನ ಕೊಂಡಿ ಕೂಡಿಸುವುದು ಬಹುತೇಕ ಆಗದ ಕೆಲಸ. ಯಾರಾದರೂ ದುಡ್ಡು ತೆಗೆದುಕೊಂಡು ಮಾಡಿಕೊಡುತ್ತೇನೆ ಎಂದರೆ ಅನುಮಾನಿಸಿ.


ಪ್ರಶ್ನೆ: ವಂಶಾವಳಿಯ ತಾಣದಲ್ಲಿ ಥ್ಯಾಕರೆ ಎಂದು ಕೊಟ್ಟರೆ ಟಕರ್, ಟಾಸ್ಕರ್, ಠಾಕೂರ್ ಎಲ್ಲ ಬಂದು ಬೀಳುತ್ತವೆ. ಏಕೆ?
— ಹುಬ್ಬಳ್ಳಿ

ಉತ್ತರ: ಸೌಂಡೆಕ್ಸ್ ಎಂಬ ಹಳೆಯ ಉಪಾಯ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು. ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನೂ ಎಚ್, ಡಬ್ಲ್ಯೂ, ವೈಗಳನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತಾರೆ. ಸಿ, ಕೆ, ಎಸ್ ಮುಂತಾದವಕ್ಕೆ 2, ಟಿಗೆ 3, ಆರ್‌ಗೆ 6. ಒಂದೇ ಅಂಕಿ ಅಕ್ಕಪಕ್ಕ ಬಂದರೆ ಒಂದು ಸಲ ಮಾತ್ರ. ಮೂರು ಅಂಕಿ ತುಂಬದಿದ್ದರೆ ಸೊನ್ನೆ. ಈಗ ಥ್ಯಾಕರೆ ತೆಗೆದುಕೊಳ್ಳಿ: ಟಿ ಉಳಿಯಿತು, ಎಚ್ ಮತ್ತು ಎ ಹೋದವು, ಸಿ–ಕೆ ಸೇರಿ ಒಂದು 2, ಇ ಹೋಯಿತು, ಆರ್‌ಗೆ 6, ಎ–ವೈ ಹೋದವು. ಒಟ್ಟು ಟಿ260. ಟಕರ್, ಟಾಸ್ಕರ್, ಥ್ಯಾಕರ್, ಠಾಕೂರ್, ಠಾಕ್ರೆ ಎಲ್ಲಕ್ಕೂ ಇದೇ ಬರುತ್ತದೆ, ಕೈಯಾರೆ ಮಾಡಿ ನೋಡಿ. ಅದೇ ಥ್ಯಾಚರ್‌ಗೆ ಟಿ326. ಅರ್ಥದಲ್ಲಿ ನೆಂಟರಾದವರು ದೂರ, ಏನೂ ಅಲ್ಲದವರು ಹತ್ತಿರ.

ಅದರ ಬದಲು ನಕ್ಷತ್ರ ಚಿಹ್ನೆ ಬಳಸಿ: ಟಿ, ಎಚ್, ಎ, ನಕ್ಷತ್ರ, ಕೆ, ನಕ್ಷತ್ರ, ಆರ್, ನಕ್ಷತ್ರ. ಸಿ ಬಿಟ್ಟ ಬರಹ, ನಡುವೆ ಡಬ್ಲ್ಯೂ ಇರುವ ಬರಹ ಎರಡೂ ಸಿಗುತ್ತವೆ. ಆಗಲೂ ಸಿಗದಿದ್ದರೆ ದೊಡ್ಡ ಟಿಯನ್ನು ಎಸ್ ಅಥವಾ ಎಚ್ ಎಂದು ತಪ್ಪಾಗಿ ಓದಿ ಪಟ್ಟಿ ಮಾಡಿರಬಹುದು. ಊರು ಮತ್ತು ವರ್ಷ ಮಾತ್ರ ಕೊಟ್ಟು, ಅಡ್ಡಹೆಸರು ಖಾಲಿ ಬಿಟ್ಟು ಹುಡುಕಿ.


ಪ್ರಶ್ನೆ: 'ನಿಮ್ಮ ಅಡ್ಡಹೆಸರಿನ ಲಾಂಛನ' ಎಂದು ಚೌಕಟ್ಟು ಹಾಕಿಸಿ ಮಾರುತ್ತಾರೆ. ನಿಜವೇ?
— ಶಿವಮೊಗ್ಗ

ಉತ್ತರ: ಗೋಡೆಗೆ ಚೆಂದ, ದಾಖಲೆಯಲ್ಲ. ಅಡ್ಡಹೆಸರಿಗೆ ಲಾಂಛನ ಎಂಬುದೇ ಇಲ್ಲ ಎನ್ನುತ್ತದೆ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್, 1484ರಿಂದ ಇರುವ ಸಂಸ್ಥೆ. ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ. ಇಳಿಯುವುದು ಅವನ ಗಂಡುಸಂತತಿಗೆ.


ಪ್ರಶ್ನೆ: ಬೆಂಗಳೂರಿನ ಕಬ್ಬನ್, ರೈಸ್, ಕನ್ನಿಂಗ್‌ಹ್ಯಾಂ ಇವೆಲ್ಲ ಇಂಗ್ಲಿಷ್ ಅಡ್ಡಹೆಸರುಗಳೇ?
— ಬಸವನಗುಡಿ, ಬೆಂಗಳೂರು

ಉತ್ತರ: ಮೂರೂ ಅಲ್ಲ. ಕಬ್ಬನ್ ಐಲ್ ಆಫ್ ಮ್ಯಾನ್ ದ್ವೀಪದ್ದು, ಮಾರ್ಕ್ ಕಬ್ಬನ್ ಹುಟ್ಟಿದ್ದೂ ಅಲ್ಲೇ. 'ಮ್ಯಾಕ್ ಗಿಬ್ಬನ್', ಗಿಬ್ಬನ್‌ನ ಮಗ, ಎಂಬುದರ ಮೊದಲ ಭಾಗ ಸವೆದು ಕಕಾರವಷ್ಟೇ ಉಳಿದಿದೆ. ಆ ದ್ವೀಪದ ಬಹಳ ಹೆಸರುಗಳು ಹಾಗೇ ಶುರುವಾಗುತ್ತವೆ. ರೈಸ್ ಸಾಮಾನ್ಯವಾಗಿ ವೇಲ್ಸ್‌ನ 'ರ‍್ಹೀಸ್' ಎಂಬ ಗಂಡಸಿನ ಹೆಸರು, ಅಕ್ಕಿಗೆ ಏನೂ ಸಂಬಂಧವಿಲ್ಲ. ಕನ್ನಿಂಗ್‌ಹ್ಯಾಂ ಸ್ಕಾಟ್ಲೆಂಡಿನ ಏರ್‌ಷೈರಿನ ಒಂದು ಸೀಮೆ.


ಪ್ರಶ್ನೆ: ಕೆಜಿಎಫ್‌ನ ನಮ್ಮ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಅಜ್ಜಿಯ ತವರಿನ ಹೆಸರು ಪೆನ್‌ರೋಸ್. ಅವರ ಹಿಂದಿನವರು ಎಲ್ಲಿಯವರೆಂದು ತಿಳಿಯಬಹುದೇ?
— ರಾಬರ್ಟ್‌ಸನ್‌ಪೇಟೆ

ಉತ್ತರ: ಹೆಸರೇ ಅರ್ಧ ಹೇಳುತ್ತದೆ. ಟ್ರೆ, ಪೋಲ್, ಪೆನ್ ಎಂದು ಶುರುವಾಗುವ ಹೆಸರು ಕಂಡರೆ ಕಾರ್ನ್‌ವಾಲ್ (ಇಂಗ್ಲೆಂಡಿನ ನೈಋತ್ಯ ತುದಿಯ ಸೀಮೆ) ಎಂಬುದು ಅಲ್ಲಿಯ ಗಾದೆ. ಟ್ರೆ ಎಂದರೆ ಹೊಲಮನೆ, ಪೋಲ್ ಎಂದರೆ ಮಡು, ಪೆನ್ ಎಂದರೆ ತುದಿ. ಪೆನ್‌ರೋಸ್ ಎಂದರೆ ಬಯಲಿನ ತುದಿ, ಗುಲಾಬಿಯಲ್ಲ. ಭಾಷೆ ಕಾರ್ನಿಷ್. 1880ರಿಂದ ಕೋಲಾರದ ಗಣಿ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾರ್ನ್‌ವಾಲಿನ ತವರ, ತಾಮ್ರದ ಗಣಿಗಳಲ್ಲಿ ಪಳಗಿದವರನ್ನು ಕರೆತಂದಿತ್ತು. ಹಾಗೆಂದು ಹೆಸರೊಂದನ್ನೇ ನೆಚ್ಚಬಾರದು. ಅದೇ ಹೆಸರಿನ ಸಿಪಾಯಿಯೋ ರೈಲ್ವೆಯವನೋ ಬೇರೆ ದಾರಿಯಿಂದ ಬಂದಿರಬಹುದು.

ಅಜ್ಜಿಯ ತಂದೆತಾಯಿಯ ಮದುವೆ ಯಾವ ಚರ್ಚಿನಲ್ಲಿ ಆಯಿತು ಎಂದು ಕೇಳಿ, ಮೊದಲು ಅಲ್ಲಿಯ ಪುಸ್ತಕ ನೋಡಿ. ಇಲ್ಲಿಯ ಚರ್ಚುಗಳ ದೀಕ್ಷೆ, ಮದುವೆ, ಹೂಳಿದ ವಿವರಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿಯ ಕಡತಶ್ರೇಣಿಯ ಗುರುತು: ಬಂಗಾಳಕ್ಕೆ ಎನ್ 1, ಮದರಾಸಿಗೆ ಎನ್ 2, ಬೊಂಬಾಯಿಗೆ ಎನ್ 3. ಬೆಂಗಳೂರು, ಕೋಲಾರ ಕಡೆಯವಕ್ಕೆ ಎನ್ 2ರಿಂದ ಶುರು ಮಾಡಿ. ಧಾರವಾಡದಂತಹ ಗಡಿಯ ಊರಾದರೆ ಎನ್ 2, ಎನ್ 3 ಎರಡನ್ನೂ ನೋಡಬೇಕು. ಥ್ಯಾಕರೆ ಮದರಾಸಿನ ನೌಕರನಾಗಿ ಬೊಂಬಾಯಿಯ ಸೀಮೆಯಲ್ಲಿ ಸತ್ತವನು. ಸೂಚಿಗಳು ಫ್ಯಾಮಿಲಿಸರ್ಚ್ ತಾಣದಲ್ಲೂ ಫಿಬಿಸ್ ಎಂಬ ಸಂಘದ ತಾಣದಲ್ಲೂ ಪುಕ್ಕಟೆ ನೋಡಲು ಸಿಗುತ್ತವೆ. ಸೂಚಿಯಲ್ಲಿ ಹೆಸರು ಸಿಕ್ಕರೆ ಅಲ್ಲಿಗೇ ನಿಲ್ಲಿಸದೆ ಮೂಲ ಪುಟದ ಚಿತ್ರ ತೆಗೆಸಿ. ತಂದೆಯ ಕಸುಬು, ಇದ್ದ ಜಾಗ, ಮದುವೆಗೆ ಸಾಕ್ಷಿ ಹಾಕಿದವರ ಸಹಿ ಸೂಚಿಯಲ್ಲಿ ಇರುವುದಿಲ್ಲ. ತಂದೆ ಗಣಿಯವನೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಆ ಪುಟದಲ್ಲೇ.